ಹೊಸ ಕಿಟಕಿ ಬರುವ ತನಕ

ಮೋಟರ್‌ಹೋಮ್‌ನ ಕಿಟಕಿ ಒಡೆದಿದೆ. ಟೇಪ್ ಹುಡುಕುವ ಮೊದಲು ಒಂದು ಕೆಲಸ ಮಾಡಿ. ಉಳಿದಿರುವ ಭಾಗವನ್ನು ಉಗುರಿನಿಂದ ಮೆಲ್ಲಗೆ ತಟ್ಟಿ ನೋಡಿ. ‘ಟಣ್’ ಎಂದರೆ ಗಾಜು. ಮಂದವಾಗಿ ‘ಟಕ್’ ಎಂದರೆ ಪ್ಲಾಸ್ಟಿಕ್. ಒಡೆಯದ ಜಾಗದಲ್ಲಿ ಅಂಗೈ ಇಟ್ಟರೂ ಗೊತ್ತಾಗುತ್ತದೆ. ಗಾಜು ತಣ್ಣಗೆ ಅನಿಸುತ್ತದೆ, ಪ್ಲಾಸ್ಟಿಕ್ ಅಷ್ಟು ತಣ್ಣಗೆ ಅನಿಸುವುದಿಲ್ಲ. ಎರಡರ ಉಷ್ಣತೆ ಒಂದೇ ಇದ್ದರೂ ಹೀಗಾಗುತ್ತದೆ. ಯಾಕೆಂದರೆ ಶಾಖವನ್ನು ಸಾಗಿಸುವ ಶಕ್ತಿ ಗಾಜಿಗೆ ಸುಮಾರು 5 ಪಟ್ಟು ಜಾಸ್ತಿ. ಅದು ನಿಮ್ಮ ಕೈಯ ಬಿಸಿಯನ್ನು ಬೇಗ ಎಳೆದುಕೊಳ್ಳುತ್ತದೆ.

ಈ ಪರೀಕ್ಷೆ ಯಾಕೆ ಬೇಕು? ಮೋಟರ್‌ಹೋಮ್ ಅರ್ಧ ವಾಹನ, ಅರ್ಧ ಮನೆ. ಅದರ ಕಿಟಕಿಗಳೂ ಹಾಗೇ. ಚಾಲಕನ ಮುಂದಿರುವುದು ಲ್ಯಾಮಿನೇಟೆಡ್ ಗಾಜು. ಅವನ ಪಕ್ಕದ ಬಾಗಿಲಲ್ಲಿ ಸಾಮಾನ್ಯವಾಗಿ ಟೆಂಪರ್ಡ್ ಗಾಜು. ಹಿಂದೆ ಮಲಗುವ, ಅಡುಗೆ ಮಾಡುವ ಭಾಗದಲ್ಲಿ ಎಷ್ಟೋ ವಾಹನಗಳಿಗೆ ಗಾಜೇ ಇರುವುದಿಲ್ಲ. ಅಲ್ಲಿರುವುದು ಆಕ್ರಿಲಿಕ್ ಎಂಬ ಪ್ಲಾಸ್ಟಿಕ್‌ನ ಎರಡು ಪದರದ ಹಾಳೆ, ನಡುವೆ ಗಾಳಿ. ಇದಕ್ಕೆ ಕಾರಣ ತೂಕ. ಒಂದು ಘನ ಸೆಂಟಿಮೀಟರ್ ಗಾಜು ಸುಮಾರು 2.5 ಗ್ರಾಂ ತೂಗಿದರೆ ಆಕ್ರಿಲಿಕ್ ತೂಗುವುದು 1.2 ಗ್ರಾಂ. ಈ ಮೂರೂ ವಸ್ತುಗಳು ಒಡೆಯುವ ರೀತಿ ಬೇರೆ. ಹಾಗಾಗಿ ಸಂಭಾಳಿಸುವ ರೀತಿಯೂ ಬೇರೆ. ಒಂದಕ್ಕೆ ಮದ್ದಾದದ್ದು ಇನ್ನೊಂದನ್ನು ಪುಡಿ ಮಾಡಿಬಿಡಬಹುದು.

ಟೆಂಪರ್ಡ್ ಗಾಜಿನ ವಿಷಯ ಬೇಗ ಮುಗಿಯುತ್ತದೆ. ಅದು ಒಡೆದರೆ ಉಳಿಯುವುದೇ ಇಲ್ಲ. ಗಾಜನ್ನು ಸುಮಾರು 620 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಎರಡೂ ಕಡೆಯಿಂದ ಜೋರಾಗಿ ಗಾಳಿ ಊದಿ ತಣಿಸಿದರೆ ಟೆಂಪರ್ಡ್ ಗಾಜು ಸಿಗುತ್ತದೆ. ಹೊರಮೈ ಮೊದಲು ಗಟ್ಟಿಯಾಗುತ್ತದೆ. ಒಳಭಾಗ ಆಮೇಲೆ ತಣಿದು ಕುಗ್ಗುವಾಗ ಹೊರಮೈಯನ್ನು ಒಳಕ್ಕೆ ಎಳೆದು ಬಿಗಿಯುತ್ತದೆ. ಈ ಬಿಗಿತದಿಂದಲೇ ಅದಕ್ಕೆ ಅಷ್ಟು ಬಲ. ಆದರೆ ಒಂದು ಬಿರುಕು ಒಳಭಾಗ ಮುಟ್ಟಿದರೆ ಸಾಕು, ಕೂಡಿಟ್ಟ ಬಲವೆಲ್ಲ ಒಮ್ಮೆಗೇ ಹೊರಬರುತ್ತದೆ. ಬಿರುಕು ಸೆಕೆಂಡಿಗೆ ಸುಮಾರು ಒಂದೂವರೆ ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಇಡೀ ಕಿಟಕಿ ಕಾಳುಕಾಳಾಗಿ ಉದುರುತ್ತದೆ. ಒಂದು ವೇಳೆ ಪುಡಿಯಾಗಿಯೂ ಚೌಕಟ್ಟಿನಲ್ಲೇ ನಿಂತಿದ್ದರೆ, ಹೊರಗಿನಿಂದ ಅಗಲವಾದ ಟೇಪ್ ಅಂಟಿಸಿ, ದಪ್ಪ ಕೈಗವಸು ಮತ್ತು ಕನ್ನಡಕ ಹಾಕಿಕೊಂಡು ಒಟ್ಟಿಗೆ ತೆಗೆಯಿರಿ. ಚೌಕಟ್ಟಿನಲ್ಲಿ ರಬ್ಬರ್ ಕೂರುವ ಸಂದಿನಲ್ಲಿರುವ ಚೂರುಗಳನ್ನು ವ್ಯಾಕ್ಯೂಮ್‌ನಿಂದ ಪೂರ್ತಿ ಎಳೆಯಿರಿ. ಅಲ್ಲಿ ಉಳಿದ ಒಂದು ಕಾಳು ಹೊಸ ಗಾಜಿಗೂ ಅಪಾಯ. ಮೂಲೆಯಲ್ಲಿ ತಯಾರಕರ ಗುರುತು, ಸಂಖ್ಯೆ ಇರುವ ಚೂರು ಸಿಕ್ಕರೆ ಎತ್ತಿಡಿ. ಬಿಡಿಭಾಗ ಆರ್ಡರ್ ಮಾಡುವಾಗ ಅದು ಬೇಕಾಗುತ್ತದೆ.

ಮುಂದಿನ ಲ್ಯಾಮಿನೇಟೆಡ್ ಗಾಜಿನ ಕಥೆ ಬೇರೆ. 1903ರಲ್ಲಿ ಫ್ರಾನ್ಸಿನ ಎಡ್ವರ್ಡ್ ಬೆನೆಡಿಕ್ಟಸ್ ಎಂಬ ರಸಾಯನ ತಜ್ಞನ ಕೈಯಿಂದ ಒಂದು ಗಾಜಿನ ಫ್ಲಾಸ್ಕ್ ಬಿತ್ತು. ಒಡೆಯಿತು, ಆದರೆ ಚದುರಲಿಲ್ಲ. ಒಳಗೆ ಒಣಗಿದ್ದ ಸೆಲ್ಯುಲೋಸ್ ನೈಟ್ರೇಟ್ ಪೊರೆ ಚೂರುಗಳನ್ನು ಹಿಡಿದಿತ್ತು. 1909ರಲ್ಲಿ ಅವರು ಪೇಟೆಂಟ್‌ಗೆ ಅರ್ಜಿ ಹಾಕಿದರು. ಈಗಿನ ವಿಂಡ್‌ಸ್ಕ್ರೀನ್‌ನಲ್ಲೂ ಎರಡು ಗಾಜುಗಳ ನಡುವೆ ಹೀಗೊಂದು ಪ್ಲಾಸ್ಟಿಕ್ ಪದರ ಇರುತ್ತದೆ. ಹಾಗಾಗಿ ಕಲ್ಲು ಬಡಿದರೆ ಸಣ್ಣ ಚಿಪ್ಪು ಏಳುತ್ತದೆ, ಗಾಜು ಬೀಳುವುದಿಲ್ಲ. ಇಲ್ಲಿ ನಿಜವಾದ ಶತ್ರು ನೀರು. ಬಿರುಕಿನ ತುದಿಯಲ್ಲಿ ಎಳೆತಕ್ಕೆ ಸಿಕ್ಕ ಸಿಲಿಕಾನ್ ಮತ್ತು ಆಮ್ಲಜನಕದ ಬಂಧಗಳನ್ನು ನೀರಿನ ಅಣುಗಳು ಒಂದೊಂದಾಗಿ ಬಿಡಿಸುತ್ತವೆ. ನಿಂತ ವಾಹನದಲ್ಲೂ ಬಿರುಕು ಸದ್ದಿಲ್ಲದೆ ಬೆಳೆಯುವುದಕ್ಕೆ ಇದೂ ಒಂದು ಕಾರಣ. ಚಿಪ್ಪು ಎದ್ದ ತಕ್ಷಣ ಅದನ್ನು ಒಣಗಿಸಿ, ಮೇಲೊಂದು ಪಾರದರ್ಶಕ ಟೇಪ್ ತುಂಡು ಅಂಟಿಸಿ. ಧೂಳು, ನೀರು ಒಳಗೆ ಹೋಗದಿದ್ದರೆ ಆಮೇಲೆ ರಿಪೇರಿಗೆ ತುಂಬುವ ರೆಸಿನ್ ಎಂಬ ಅಂಟು ಚೆನ್ನಾಗಿ ಹಿಡಿಯುತ್ತದೆ. ತಣ್ಣನೆಯ ಗಾಜಿನ ಮೇಲೆ ಬಿಸಿ ನೀರು ಸುರಿಯಬೇಡಿ. ಚಾಲಕನ ಕಣ್ಣಿಗೆ ಅಡ್ಡವಾಗುವ ಬಿರುಕಿದ್ದರೆ ವಾಹನ ಓಡಿಸಲೇಬೇಡಿ. ಅಲ್ಲಿ ತಾತ್ಕಾಲಿಕ ಉಪಾಯ ಎಂಬುದೇ ಇಲ್ಲ.

ಈಗ ಆಕ್ರಿಲಿಕ್‌ಗೆ ಬರೋಣ. ನಿಜಕ್ಕೂ ಕೆಲಸ ಇರುವುದು ಇಲ್ಲಿ.

ಆಕ್ರಿಲಿಕ್‌ನಲ್ಲಿ ಬಿರುಕು ಸಾಮಾನ್ಯವಾಗಿ ಅಂಚಿನಿಂದಲೋ, ಹಿಂಜ್ ಅಥವಾ ಚಿಲಕದ ತೂತಿನಿಂದಲೋ ಹೊರಡುತ್ತದೆ. ಸ್ವಲ್ಪ ದೂರ ಹೋಗಿ ನಿಲ್ಲುತ್ತದೆ. ವಾಹನ ಕುಲುಕಿದಾಗ ಮತ್ತೆ ಮುಂದೆ ಹೋಗುತ್ತದೆ. ಯಾಕೆ ಹೀಗೆ? 1913ರಲ್ಲಿ ಇಂಗ್ಲೆಂಡಿನ ಎಂಜಿನಿಯರ್ ಚಾರ್ಲ್ಸ್ ಇಂಗ್ಲಿಸ್ ಇದರ ಲೆಕ್ಕ ತೋರಿಸಿಕೊಟ್ಟರು. ಒಂದು ಹಾಳೆಯನ್ನು ಎಳೆದಾಗ ಅದರಲ್ಲಿ ದುಂಡಗಿನ ತೂತಿದ್ದರೆ, ತೂತಿನ ಅಂಚಿನಲ್ಲಿ ಎಳೆತ 3 ಪಟ್ಟಾಗುತ್ತದೆ. ಆದರೆ ತೂತು ಮೊಟ್ಟೆಯಂತೆ ಉದ್ದುದ್ದವಾಗಿ, ಅಗಲಕ್ಕಿಂತ 10 ಪಟ್ಟು ಉದ್ದವಿದ್ದು, ಎಳೆತಕ್ಕೆ ಅಡ್ಡವಾಗಿದ್ದರೆ, ಅದರ ತುದಿಯಲ್ಲಿ ಎಳೆತ 21 ಪಟ್ಟು! ಬಿರುಕು ಅಂದರೆ ಅದಕ್ಕಿಂತ ಎಷ್ಟೋ ಚೂಪು. ಅದರ ತುದಿಯಲ್ಲಿ ಸಣ್ಣ ಕುಲುಕಾಟವೂ ದೊಡ್ಡ ಎಳೆತವಾಗುತ್ತದೆ.

ಬಿರುಕಿನ ಚೂಪಾದ ತುದಿಯನ್ನು ದುಂಡಗೆ ಮಾಡಿಬಿಟ್ಟರೆ? ಬಿರುಕು ಎಲ್ಲಿ ಮುಗಿಯುತ್ತದೋ ಅಲ್ಲೇ ಸರಿಯಾಗಿ 3 ಮಿಲಿಮೀಟರ್‌ನ ಒಂದು ತೂತು ಕೊರೆಯುವುದು ಅದಕ್ಕೇ. ವಿಮಾನದ ತಗಡುಗಳಲ್ಲೂ ಈ ಉಪಾಯ ಬಳಕೆಯಲ್ಲಿದೆ. ಬಿರುಕು ನಿಲ್ಲಿಸಲು ಇನ್ನೊಂದು ತೂತು ಮಾಡುವುದು ವಿಚಿತ್ರ ಅನಿಸುತ್ತದೆ, ಅಲ್ವಾ? ಆದರೆ ಲೆಕ್ಕ ಹೇಳುವುದು ಅದನ್ನೇ. ಬಿರುಕಿನ ನಿಜವಾದ ತುದಿ ಕಣ್ಣಿಗೆ ಕಾಣುವುದಕ್ಕಿಂತ ಸ್ವಲ್ಪ ಮುಂದಿರುತ್ತದೆ. ಟಾರ್ಚನ್ನು ಓರೆಯಾಗಿ ಹಿಡಿದರೆ ಹೊಳೆಯುವ ಗೆರೆ ಎಲ್ಲಿ ನಿಲ್ಲುತ್ತದೆ ಎಂದು ಕಾಣುತ್ತದೆ. ಡ್ರಿಲ್ ನಿಧಾನವಾಗಿ ತಿರುಗಲಿ. ಆಕ್ರಿಲಿಕ್ ಸುಮಾರು 105 ಡಿಗ್ರಿಗೆ ಮೆತ್ತಗಾಗುತ್ತದೆ. ಜೋರಾಗಿ ತಿರುಗಿಸಿದರೆ ಕರಗಿ, ಮೊನೆಗೆ ಅಂಟಿಕೊಂಡು, ಹಾಳೆಯನ್ನೇ ಸೀಳುತ್ತದೆ. ಎರಡು ಪದರದಲ್ಲಿ ಬಿರುಕು ಬಿಟ್ಟ ಪದರವನ್ನು ಮಾತ್ರ ಕೊರೆಯಬೇಕು. ಆಮೇಲೆ ತೂತು ಮತ್ತು ಬಿರುಕಿನ ಉದ್ದಕ್ಕೂ ಪಾರದರ್ಶಕ ಟೇಪ್ ಹಾಕಿ. ನೆನಪಿಡಿ, ಇದು ಆಕ್ರಿಲಿಕ್‌ಗೆ ಮಾತ್ರ. ಟೆಂಪರ್ಡ್ ಗಾಜಿಗೆ ಡ್ರಿಲ್ ಮುಟ್ಟಿಸಿದರೆ ಅದು ಅಲ್ಲೇ ಪುಡಿ. ಉಗುರಿನಿಂದ ತಟ್ಟಿ ನೋಡಿ ಎಂದು ಮೊದಲೇ ಹೇಳಿದ್ದು ಸುಮ್ನೆ ಅಲ್ಲ.

ಆಕ್ರಿಲಿಕ್‌ಗೆ ಇನ್ನೊಂದು ದೌರ್ಬಲ್ಯ ಇದೆ. ಇದು ಜಾಸ್ತಿ ಜನಕ್ಕೆ ಗೊತ್ತಿರುವುದಿಲ್ಲ. ಟೇಪ್ ಅಂಟಿಸುವ ಮೊದಲು ಜಾಗ ಒರೆಸಬೇಕು ಎಂದು ಗಾಜು ಒರೆಸುವ ದ್ರವವನ್ನೋ, ಸ್ಪಿರಿಟನ್ನೋ, ಅಸಿಟೋನನ್ನೋ ಹಚ್ಚುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಹಾಳೆಯ ತುಂಬ ಕೂದಲೆಳೆಯಂಥ ನೂರಾರು ಗೆರೆಗಳು ಏಳುತ್ತವೆ. ಇದಕ್ಕೆ ಕ್ರೇಜಿಂಗ್ ಎನ್ನುತ್ತಾರೆ. ಬಾಗಿಸಿ ಮಾಡಿದ ಹಾಳೆಯಲ್ಲಿ ಎಳೆತ ಮೊದಲೇ ಇರುತ್ತದೆ. ಆಲ್ಕೋಹಾಲ್, ಅಸಿಟೋನ್ ಮುಂತಾದ ದ್ರವಗಳು ಪ್ಲಾಸ್ಟಿಕ್‌ನ ಉದ್ದನೆಯ ಅಣುಗಳ ನಡುವೆ ನುಸುಳಿ ಅವುಗಳ ಹಿಡಿತ ಸಡಿಲಿಸುತ್ತವೆ. ಎಳೆತಕ್ಕೆ ಆಗ ದಾರಿ ಸಿಗುತ್ತದೆ. ಸೂಪರ್ ಗ್ಲೂ ಕೂಡ ಹೀಗೇ ತೊಂದರೆ ಮಾಡಬಹುದು. ಸೋಪಿನ ನೀರು, ಮೆತ್ತನೆಯ ಬಟ್ಟೆ, ಇಷ್ಟೇ ಸಾಕು. ಇದೇ ಆಕ್ರಿಲಿಕ್ ಮನುಷ್ಯನ ಕಣ್ಣಿನೊಳಗೆ ಎಷ್ಟು ಸಾಧುವಾಗಿರುತ್ತದೆ ಎಂಬುದು ನನಗೆ ಇಂದಿಗೂ ಬೆರಗು. ಯುದ್ಧ ವಿಮಾನಗಳ ಆಕ್ರಿಲಿಕ್ ಮುಚ್ಚಳ ಒಡೆದು ಪೈಲಟ್‌ಗಳ ಕಣ್ಣಿಗೆ ಹೊಕ್ಕ ಚೂರುಗಳು ಯಾವ ತೊಂದರೆಯನ್ನೂ ಎಬ್ಬಿಸದೆ ಉಳಿದದ್ದನ್ನು ಬ್ರಿಟನ್ನಿನ ವೈದ್ಯ ಹೆರಾಲ್ಡ್ ರಿಡ್ಲಿ ಗಮನಿಸಿದರು. 1949ರಲ್ಲಿ ಅದೇ ವಸ್ತುವಿನಿಂದ ಮಾಡಿದ ಮೊದಲ ಕೃತಕ ಮಸೂರವನ್ನು ಕಣ್ಣಿನೊಳಗೆ ಕೂರಿಸಿದರು.

ಕಿಟಕಿ ಪೂರ್ತಿ ಹೋಗಿ ಬರೀ ತೆರವು ಉಳಿದಿದ್ದರೆ ಮೂರು ಜನರ ಜೊತೆ ಹೋರಾಟ: ಗಾಳಿ, ನೀರು, ಬಿಸಿಲು. ಗಾಳಿಯನ್ನು ಜನ ಕಡಿಮೆ ಅಂದಾಜು ಮಾಡುತ್ತಾರೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಎದುರಿನಿಂದ ಬರುವ ಗಾಳಿ ಒಂದು ಚದರ ಮೀಟರ್ ಮೇಲೆ ಸುಮಾರು 30 ಕಿಲೋ ತೂಕದಷ್ಟು ಒತ್ತುತ್ತದೆ. 40ಕ್ಕೆ ಇಳಿಸಿದರೆ ಅದು ಅರ್ಧ ಆಗುವುದಿಲ್ಲ, ಕಾಲು ಭಾಗ ಆಗುತ್ತದೆ. ಯಾಕೆಂದರೆ ಒತ್ತಡ ವೇಗದ ವರ್ಗದ ಜೊತೆ ಏರುತ್ತದೆ. ತಾತ್ಕಾಲಿಕ ಕಿಟಕಿ ಇದ್ದಾಗ ನಿಧಾನ ಹೋಗುವುದರಷ್ಟು ಒಳ್ಳೆಯ ಟೇಪ್ ಇನ್ನೊಂದಿಲ್ಲ.

ಪಕ್ಕದ ಕಿಟಕಿಯಲ್ಲಿ ಇನ್ನೊಂದು ಸಂಗತಿ ಇದೆ. ಅಲ್ಲಿ ಗಾಳಿ ತಳ್ಳುವುದಿಲ್ಲ, ಎಳೆಯುತ್ತದೆ. ವಾಹನದ ಮೂತಿ ಸುತ್ತಿಕೊಂಡು ಪಕ್ಕಕ್ಕೆ ಬರುವ ಗಾಳಿ ವೇಗ ಪಡೆಯುತ್ತದೆ, ಅಲ್ಲಿನ ಒತ್ತಡ ಇಳಿಯುತ್ತದೆ. ಒಳಗಿನ ಗಾಳಿ ಹೊರಕ್ಕೆ ನೂಕುತ್ತದೆ. ಹೊರಗಿನಿಂದ ಅಂಟಿಸಿದ ಪಾಲಿಥೀನ್ ಹಾಳೆ ಹೊಟ್ಟೆ ಉಬ್ಬಿಸಿಕೊಂಡು ಪಟಪಟ ಬಡಿದು ಕೊನೆಗೆ ಹರಿಯುವುದು ಇದಕ್ಕೇ. ನಿಂತ ವಾಹನಕ್ಕೆ ಪಾಲಿಥೀನ್ ಸಾಕು, ಓಡುವ ವಾಹನಕ್ಕೆ ಸಾಲದು. ಅದೇ ಹೊರಕ್ಕೆ ಎಳೆಯುವ ಬಲವನ್ನು ನಮ್ಮ ಕಡೆ ಮಾಡಿಕೊಳ್ಳಬಹುದು. ತೆರವಿಗಿಂತ ದೊಡ್ಡದಾದ ಹಲಗೆಯನ್ನು ಒಳಗಿನಿಂದ ಇಟ್ಟರೆ, ವಾಹನ ಓಡಿದಷ್ಟೂ ಅದು ಚೌಕಟ್ಟಿಗೆ ಒತ್ತಿಕೊಳ್ಳುತ್ತದೆ. ವಿಮಾನಗಳ ಎಷ್ಟೋ ಬಾಗಿಲುಗಳು ಕೂರುವುದು ಇದೇ ತತ್ವದ ಮೇಲೆ. ಗಾಳಿಗೆ ಎದುರಾಗಿರುವ ಮುಂದಿನ ಕಿಟಕಿಗೆ ಮಾತ್ರ ಇದು ತಿರುಗುಮುರುಗು.

ನನಗೆ ಎಲ್ಲಕ್ಕಿಂತ ನಂಬಿಕೆಯಿರುವುದು ಒಳಗಿನಿಂದಲೂ ಹೊರಗಿನಿಂದಲೂ ಹಿಡಿದು ಬಿಗಿಯುವ ಉಪಾಯದಲ್ಲಿ. ಹೊರಗೊಂದು ಹಾಳೆ, ಒಳಗೆ ತೆರವಿಗಿಂತ ಉದ್ದದ ಎರಡು ಮರದ ಪಟ್ಟಿ. ನಡುವೆ ತೆರವಿನ ಮೂಲಕ ಬೋಲ್ಟ್ ಹಾಯಿಸಿ ಬಿಗಿಯುವುದು. ಅಂಚಿನ ಸುತ್ತ ಮೆತ್ತನೆಯ ಫೋಮ್ ಪಟ್ಟಿ. ವಾಹನದ ಗೋಡೆಗೆ ಒಂದೂ ತೂತು ಬೀಳುವುದಿಲ್ಲ. ಇದು ಬಹಳ ಮುಖ್ಯ. ಮೋಟರ್‌ಹೋಮ್‌ನ ಗೋಡೆ ಸಾಮಾನ್ಯವಾಗಿ ಎರಡು ತೆಳು ಹಾಳೆಗಳ ನಡುವೆ ಫೋಮ್ ಅಥವಾ ಮರ ಇಟ್ಟು ಮಾಡಿದ್ದು. ಅದಕ್ಕೆ ಹೊಡೆದ ಒಂದು ಸ್ಕ್ರೂ ತೂತಿನಿಂದ ನೀರು ಇಳಿದರೆ ಪದರಗಳು ಬಿಟ್ಟುಕೊಳ್ಳುತ್ತವೆ, ಒಳಗಿನ ಮರ ಕೊಳೆಯುತ್ತದೆ. ಕಿಟಕಿಗಿಂತ ದುಬಾರಿ ರಿಪೇರಿ ಅದು. ಹೊರಗಿನ ಹಾಳೆಗೆ ಪ್ಲೈವುಡ್ ಆಗಬಹುದು. ಆದರೆ ಅದು ಭಾರ, ಬೆಳಕೂ ಬಿಡುವುದಿಲ್ಲ. ಒಳಗೆ ಕೊಳವೆಗಳಿರುವ ಪಾಲಿಪ್ರೊಪಿಲೀನ್ ಹಾಳೆ ನನ್ನ ಆಯ್ಕೆ. ಚದರ ಮೀಟರಿಗೆ ಒಂದು ಕಿಲೋ ಕೂಡ ತೂಗುವುದಿಲ್ಲ. ಕೊಳವೆಗಳಲ್ಲಿ ನಿಂತ ಗಾಳಿ ಚಳಿ, ಬಿಸಿಲು ಎರಡನ್ನೂ ತಡೆಯುತ್ತದೆ. ಕೊಳವೆಗಳು ಮೇಲಿನಿಂದ ಕೆಳಕ್ಕೆ ಇರಲಿ. ಮೇಲಿನ ಬಾಯಿಗೆ ಟೇಪ್ ಹಾಕಿ, ಕೆಳಗಿನ ಬಾಯಿ ಬಿಟ್ಟುಬಿಡಿ.

ಟೇಪ್ ಒಂದನ್ನೇ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಚಂದ್ರನ ಮೇಲೊಂದು ಪಾಠ ಇದೆ. ಡಿಸೆಂಬರ್ 1972, ಅಪೋಲೊ 17. ಗಗನಯಾತ್ರಿ ಜೀನ್ ಸರ್ನನ್ ಅವರ ಸುತ್ತಿಗೆ ತಗುಲಿ ರೋವರ್ ವಾಹನದ ಹಿಂದಿನ ಮಡ್‌ಗಾರ್ಡ್ ಮುರಿಯಿತು. ಡಕ್ಟ್ ಟೇಪ್‌ನಿಂದ ಅಂಟಿಸಿದರು. ಚಂದ್ರನ ಧೂಳು ಮೆತ್ತಿದ ಮೈಗೆ ಟೇಪ್ ಹಿಡಿಯಲಿಲ್ಲ. ಓಡುವಾಗ ತುಂಡು ಬಿದ್ದೇಹೋಯಿತು. ಗಗನಯಾತ್ರಿಗಳ ಮೇಲೆ ಧೂಳಿನ ಮಳೆ. ಮರುದಿನ ನಾಲ್ಕು ನಕ್ಷೆಗಳನ್ನು ಟೇಪ್‌ನಿಂದ ಜೋಡಿಸಿ ಹೊಸ ಮಡ್‌ಗಾರ್ಡ್ ಮಾಡಿದರು. ಅದನ್ನು ವಾಹನಕ್ಕೆ ಹಿಡಿಸಿದ್ದು ಕ್ಲಾಂಪ್‌ಗಳಿಂದ. ಅದು ನಿಂತಿತು. ಟೇಪ್‌ನ ಅಂಟು ಮೆತ್ತನೆಯದು. ಮೈಯ ಸಣ್ಣ ಸಣ್ಣ ಏರುತಗ್ಗುಗಳಿಗೆ ಹರಿದು ಕೂತರೆ ಮಾತ್ರ ಅದು ಹಿಡಿಯುತ್ತದೆ. ಧೂಳಿದ್ದರೆ ಅಂಟಿಕೊಳ್ಳುವುದು ಧೂಳಿಗೆ. ಒದ್ದೆ ಮೈ, ತಣ್ಣನೆಯ ಮೈ ಕೂಡ ಆಗದು. ಇನ್ನು ಪಾಲಿಥೀನ್, ಪಾಲಿಪ್ರೊಪಿಲೀನ್‌ಗಳ ಮೈ ಎಂಥದ್ದೆಂದರೆ ಅವಕ್ಕೆ ಬಹುತೇಕ ಅಂಟುಗಳು ಗಟ್ಟಿಯಾಗಿ ಹಿಡಿಯುವುದೇ ಇಲ್ಲ. ಅದಕ್ಕೇ ಬೋಲ್ಟ್ ಬೇಕು ಎಂದದ್ದು. ಭಾರ ಹೊರುವುದು ಬೋಲ್ಟ್‌ನ ಕೆಲಸ. ನೀರು ತಡೆಯುವುದು ಟೇಪ್‌ನ ಕೆಲಸ.

ಟೇಪನ್ನು ಕೆಳಗಿನಿಂದ ಶುರುಮಾಡಿ. ಮೊದಲು ಕೆಳ ಅಂಚು, ಆಮೇಲೆ ಪಕ್ಕ, ಕೊನೆಗೆ ಮೇಲಿನ ಅಂಚು. ಹಂಚು ಹೊದಿಸುವ ಹಾಗೆ ಮೇಲಿನದು ಕೆಳಗಿನದರ ಮೇಲೆ ಬರಬೇಕು. ಕೆಳ ಅಂಚಿನಲ್ಲಿ ಒಂದೆರಡು ಕಡೆ ಬೆರಳಗಲ ಬಿಡಿ. ಹೇಗೋ ಒಳಬಂದ ನೀರಿಗೆ ಹೊರಗೆ ಹೋಗಲು ದಾರಿ ಬೇಕು. ಆಕ್ರಿಲಿಕ್ ಅಥವಾ ಪ್ಲಾಸ್ಟಿಕ್ ಹಾಳೆಯನ್ನು ಚೌಕಟ್ಟಿನೊಳಗೆ ಬಿಗಿಯಾಗಿ ಕೂರಿಸಬೇಡಿ. ಒಂದು ಮೀಟರ್ ಉದ್ದದ ಆಕ್ರಿಲಿಕ್ 40 ಡಿಗ್ರಿ ಬಿಸಿ ಏರಿದರೆ ಸುಮಾರು 3 ಮಿಲಿಮೀಟರ್ ಹಿಗ್ಗುತ್ತದೆ. ಗಾಜು ಅರ್ಧ ಮಿಲಿಮೀಟರ್ ಕೂಡ ಹಿಗ್ಗುವುದಿಲ್ಲ. ಜಾಗ ಕೊಡದಿದ್ದರೆ ಹಾಳೆ ಬಾಗುತ್ತದೆ, ಟೇಪ್ ಬಿಡುತ್ತದೆ.

ಸಂದು ಮುಚ್ಚುವ ಸಿಲಿಕೋನ್ ಅಂಟು ಹಚ್ಚಲು ಮಾತ್ರ ಹೋಗಬೇಡಿ. ಆ ಕ್ಷಣಕ್ಕೆ ನೀರು ನಿಲ್ಲುತ್ತದೆ ನಿಜ. ಆದರೆ ಅದು ಚೌಕಟ್ಟಿನ ಮೇಲೆ ಬಿಡುವ ತೆಳು ಪದರದ ಮೇಲೆ ಹೊಸ ಕಿಟಕಿಯ ಸೀಲೆಂಟ್, ಅಂದರೆ ನೀರು ತಡೆಯುವ ಅಂಟು, ಸರಿಯಾಗಿ ಹಿಡಿಯುವುದಿಲ್ಲ.

ಎಲ್ಲ ಸಂದು ಮುಚ್ಚುವ ಹುಮ್ಮಸ್ಸಿನಲ್ಲಿ ಗಾಳಿಕಿಂಡಿಗಳನ್ನು ಮುಚ್ಚಬೇಡಿ. ನೆಲದಲ್ಲಿರುವ ಕಿಂಡಿ ಸುಮ್ನೆ ಇಟ್ಟದ್ದಲ್ಲ. ಒಲೆಗೆ ಬಳಸುವ ಪ್ರೊಪೇನ್ ಅನಿಲ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಸೋರಿದರೆ ಕೆಳಗೆ ಹೋಗಿ ನಿಲ್ಲುತ್ತದೆ, ಆ ಕಿಂಡಿಯಿಂದ ಹೊರಹೋಗುತ್ತದೆ. ಒಡೆದದ್ದು ತುರ್ತು ನಿರ್ಗಮನದ ಕಿಟಕಿಯಾಗಿದ್ದರೆ, ಹಲಗೆ ಬಿಗಿದ ಮೇಲೆ ಬೆಂಕಿ ಬಿದ್ದರೆ ಯಾರು ಯಾವ ದಾರಿಯಲ್ಲಿ ಹೊರಗೆ ಬರಬೇಕು ಎಂದು ಮಲಗುವ ಮೊದಲೇ ಎಲ್ಲರಿಗೂ ತೋರಿಸಿಡಿ. ಬೇರೆ ದಾರಿ ಇಲ್ಲದಿದ್ದರೆ ಆ ಕಿಟಕಿ ಸರಿಯಾಗುವ ತನಕ ಅಲ್ಲಿ ಮಲಗಬೇಡಿ.

ಕೊನೆಗೆ ಹೊಸ ಕಿಟಕಿ ಬಂತು ಅಂದುಕೊಳ್ಳಿ. ಟೇಪನ್ನು ಒಂದೇ ಎಳೆತಕ್ಕೆ ಕಿತ್ತರೆ ಬಣ್ಣವೂ ಜೊತೆಗೆ ಬರಬಹುದು. ಅಂಟು ಅರ್ಧ ದ್ರವ, ಅರ್ಧ ಗಟ್ಟಿ. ಬೇಗ ಎಳೆದರೆ ಗಟ್ಟಿ ವಸ್ತುವಿನಂತೆ ತಡೆಯುತ್ತದೆ. ನಿಧಾನ ಎಳೆದರೆ ದ್ರವದಂತೆ ಹರಿದು ಬಿಟ್ಟುಕೊಡುತ್ತದೆ. ಕೂದಲು ಒಣಗಿಸುವ ಯಂತ್ರದಿಂದ ಸ್ವಲ್ಪ ಬೆಚ್ಚಗೆ ಮಾಡಿ, ತುದಿಯನ್ನು ಹಿಂದಕ್ಕೆ ಮಡಚಿ, ಗೋಡೆಗೆ ಒತ್ತಾಗಿ ಹಿಡಿದು ಮೆಲ್ಲಗೆ ಎಳೆಯುತ್ತ ಬನ್ನಿ. ಬಿಸಿಲಿನಲ್ಲಿ ವಾರಗಟ್ಟಲೆ ಇದ್ದ ಡಕ್ಟ್ ಟೇಪ್ ಆದರೆ ಅಂಟು ಸ್ವಲ್ಪ ಉಳಿದೇ ಉಳಿಯುತ್ತದೆ. ಅದಕ್ಕೆ ಅಡುಗೆ ಎಣ್ಣೆ ಸವರಿ ಸ್ವಲ್ಪ ಹೊತ್ತು ಬಿಟ್ಟು, ಬಟ್ಟೆಯಿಂದ ಒರೆಸಿ, ಸೋಪಿನ ನೀರಿನಿಂದ ಎಣ್ಣೆಯ ಜಿಡ್ಡು ಪೂರ್ತಿ ತೊಳೆಯಿರಿ. ಚೌಕಟ್ಟು ಒಣಗಿದ ಮೇಲೆ ಹೊಸ ಸೀಲೆಂಟ್ ಹಚ್ಚಬಹುದು.