ಬಿಸಿಲಿನ ಊರಲ್ಲೂ ಬಸುರಿಯರಿಗೆ ವಿಟಮಿನ್ ಡಿ ಕೊರತೆ ಯಾಕೆ?

ಗರ್ಭಿಣಿಯರ ತಪಾಸಣೆಯ ದಿನ. ಏಳು ತಿಂಗಳ ಬಸುರಿ ಒಬ್ಬರು ನೆಲದ ಮೇಲೆ ಕೂತಿದ್ದರು. ಹೆಸರು ಕರೆದಾಗ ಎರಡೂ ಕೈಯನ್ನು ತೊಡೆ ಮೇಲೆ ಊರಿ, ಮೆಲ್ಲಗೆ ಎದ್ದರು. "ಸೊಂಟ ನೋವು ಸಿಸ್ಟರ್, ಮೆಟ್ಟಿಲು ಹತ್ತೋಕೂ ಕಷ್ಟ. ದಿನಾ ರಾಗಿ ಮುದ್ದೆ ತಿಂತೀನಿ, ಆದ್ರೂ ಯಾಕೆ ಹಿಂಗೆ?" ಅವರ ಪ್ರಶ್ನೆಯನ್ನೇ ಹಿಡಿದು ವಿಟಮಿನ್ ಡಿ ಪಾಠ ಓದಿದೆ.

ರಾಗಿಯಲ್ಲಿ ಕ್ಯಾಲ್ಸಿಯಂ ಧಾರಾಳವಾಗಿದೆ, 100 ಗ್ರಾಂಗೆ 300 ಮಿಲಿಗ್ರಾಂಗಿಂತ ಜಾಸ್ತಿ. ಆದರೆ ಅದು ಕರುಳಿನಿಂದ ರಕ್ತಕ್ಕೆ ಚೆನ್ನಾಗಿ ಸೇರಬೇಕಾದರೆ ವಿಟಮಿನ್ ಡಿ ಬೇಕು. ಡಿ ಕಡಿಮೆಯಾದರೆ ಕುತ್ತಿಗೆಯ ಪುಟ್ಟ ಗ್ರಂಥಿಗಳಿಂದ ಬರುವ ಪ್ಯಾರಾಥೈರಾಯ್ಡ್ ಹಾರ್ಮೋನ್ ಏರುತ್ತದೆ, ತಾಯಿಯ ಮೂಳೆಯಿಂದ ಕ್ಯಾಲ್ಸಿಯಂ ಎಳೆಯುತ್ತದೆ. ಹೊಟ್ಟೆಯಲ್ಲಿರುವ ಮಗು ಒಟ್ಟು ಸುಮಾರು 30 ಗ್ರಾಂ ಕ್ಯಾಲ್ಸಿಯಂ ತೆಗೆದುಕೊಳ್ಳುತ್ತದೆ, ಬಹುಪಾಲು ಕೊನೆಯ ಮೂರು ತಿಂಗಳಲ್ಲಿ. ಕೊರತೆ ತೀವ್ರವಾದರೆ ಮೂಳೆ ಮೆದುವಾಗುತ್ತದೆ, ಸೊಂಟ ಮತ್ತು ತೊಡೆಯ ಸ್ನಾಯು ಸೋಲುತ್ತದೆ. ಬಸುರಿಯಲ್ಲಿ ಸೊಂಟ ನೋವು ಸಾಮಾನ್ಯ ಅಂತ ನಾವು ಸುಮ್ನೆ ಬಿಟ್ಟುಬಿಡುತ್ತೇವೆ. ಕೂತವರು ಹೇಗೆ ಏಳುತ್ತಾರೆ ಅಂತ ಒಮ್ಮೆ ನೋಡಿ.

ಈಗ ಎಲ್ಲರೂ ಎಡವುವ ಜಾಗ. ಬಿಸಿಲಿಗೆ ಚರ್ಮದಲ್ಲಿ ತಯಾರಾದ ಡಿ3 (ವಿಟಮಿನ್ ಡಿಯ ಒಂದು ರೂಪ) ಲಿವರ್‌ಗೆ ಹೋಗಿ 25-ಹೈಡ್ರಾಕ್ಸಿ ವಿಟಮಿನ್ ಡಿ ಆಗುತ್ತದೆ. ಕಿಡ್ನಿಯಲ್ಲಿ ಅದು 1,25-ಡೈಹೈಡ್ರಾಕ್ಸಿ ಆಗುತ್ತದೆ. ಕೆಲಸ ಮಾಡುವುದು ಈ ಎರಡನೆಯದು. ಹಾಗಾದರೆ ಕೊರತೆ ತಿಳಿಯಲು ರಕ್ತದಲ್ಲಿ ಅದನ್ನೇ ಅಳೆಯಬೇಕು ಅಲ್ವಾ? ಅಲ್ಲ. ಗರ್ಭಿಣಿಯಲ್ಲಿ 1,25 ತಾನಾಗಿಯೇ ಎರಡು ಮೂರು ಪಟ್ಟು ಏರುತ್ತದೆ, ಹಾಗಾಗಿ ಕೊರತೆ ಇದ್ದರೂ ಕಾಣದೆ ಹೋಗಬಹುದು. ದಾಸ್ತಾನು ಎಷ್ಟಿದೆ ಅಂತ ಹೇಳುವುದು 25-ಹೈಡ್ರಾಕ್ಸಿ. ಸಾಮಾನ್ಯವಾಗಿ ಮಿಲಿಲೀಟರ್‌ಗೆ 20 ನ್ಯಾನೋಗ್ರಾಂಗಿಂತ ಕಡಿಮೆ ಇದ್ದರೆ ಕೊರತೆ. ಪ್ಲಾಸೆಂಟಾ (ಮಾಸು) ದಾಟಿ ಮಗುವಿಗೆ ಹೋಗುವುದೂ ಇದೇ. ತಾಯಿಯ ಹತ್ತಿರ ಇಲ್ಲದಿದ್ದರೆ ಮಗು ಖಾಲಿ ಕೈಯಲ್ಲೇ ಹುಟ್ಟುತ್ತದೆ. ಕ್ಯಾಲ್ಸಿಯಂ ಇಳಿದು ಫಿಟ್ಸ್ ಬರಬಹುದು, ಮುಂದೆ ರಿಕೆಟ್ಸ್ (ಮೂಳೆ ಮೆದುವಾಗಿ ಬಾಗುವ ಕಾಯಿಲೆ) ಆಗಬಹುದು. ಎದೆಹಾಲಿನಲ್ಲಿ ಡಿ ಬಹಳ ಕಡಿಮೆ ಅನ್ನೋದನ್ನೂ ಸೇರಿಸಿ ಬರೆದುಕೊಳ್ಳಿ.

ಇಷ್ಟು ಬಿಸಿಲಿರುವ ನಮ್ಮೂರಲ್ಲಿ ಕೊರತೆಯೇ? ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ಹೆರಿಗೆಯಾದ 559 ತಾಯಂದಿರ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಅವರಲ್ಲಿ 66% ಮಂದಿ 20ಕ್ಕಿಂತ ಕೆಳಗಿದ್ದರು. ಓದಿ ನನಗೆ ಬೇಜಾರಾಯಿತು. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಡಿ ತಯಾರಾಗಲು ಬಿಸಿಲಿನಲ್ಲಿರುವ ಯುವಿಬಿ ಅನ್ನುವ ನೇರಳಾತೀತ ಕಿರಣ ಬೇಕು, ಬೆಳಗಿನ ಎಳೆ ಬಿಸಿಲಲ್ಲಿ ಅದು ತೀರಾ ಕಡಿಮೆ. ಕಿಟಕಿಯ ಗಾಜನ್ನು ಅದು ದಾಟುವುದೇ ಇಲ್ಲ. ನಮ್ಮ ನೆರಳು ನಮಗಿಂತ ಗಿಡ್ಡ ಇರುವ ಹೊತ್ತಿನ ಬಿಸಿಲು ಬೇಕು, ಆದರೆ ಆ ಹೊತ್ತಲ್ಲಿ ಬಸುರಿಯನ್ನು ಯಾರೂ ಹೊರಗೆ ಬಿಡುವುದಿಲ್ಲ. ಕಪ್ಪು ಚರ್ಮಕ್ಕೆ ಇನ್ನೂ ಜಾಸ್ತಿ ಹೊತ್ತು ಬೇಕು. ಊಟದಿಂದ ಸಿಗುವುದು ಅಲ್ಪ: ಮೊಟ್ಟೆಯ ಹಳದಿ, ಬಂಗುಡೆ, ಬೂತಾಯಿ, ಡಿ ಸೇರಿಸಿದ ಹಾಲು.

ಅದೇ ಮೈಸೂರಿನ ಅಧ್ಯಯನದಲ್ಲಿ ಕೊರತೆಗೂ ಗರ್ಭಾವಸ್ಥೆಯ ಸಕ್ಕರೆ ಕಾಯಿಲೆಗೂ, ಮಗುವಿನ ಗಾತ್ರಕ್ಕೂ ನಂಟು ಕಾಣಲಿಲ್ಲ. ಆದ್ದರಿಂದ ಪರೀಕ್ಷೆಯ ಉತ್ತರದಲ್ಲಿ ಎಲ್ಲ ತೊಂದರೆಯನ್ನೂ ಡಿ ಕೊರತೆಯ ತಲೆಗೆ ಕಟ್ಟಬೇಡಿ. ಎಲ್ಲ ಗರ್ಭಿಣಿಯರಿಗೂ ಡಿ ಕೊಡಲೇಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯೂ 2020ರಲ್ಲಿ ಹೇಳಿಲ್ಲ. ನಮ್ಮ ಸರ್ಕಾರದ ಕ್ಯಾಲ್ಸಿಯಂ ಮಾತ್ರೆಯಲ್ಲಿ 500 ಮಿಲಿಗ್ರಾಂ ಕ್ಯಾಲ್ಸಿಯಂ ಜೊತೆ 250 ಐಯು (ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಘಟಕ) ಡಿ3 ಇರುತ್ತದೆ. 14ನೇ ವಾರದಿಂದ ದಿನಕ್ಕೆ ಎರಡು, ಹೆರಿಗೆಯಾಗಿ ಆರು ತಿಂಗಳವರೆಗೆ. 60,000 ಐಯು ವಿಟಮಿನ್ ಡಿ ಪುಡಿ ಮಾತ್ರ ಡಾಕ್ಟರ್ ಬರೆದರಷ್ಟೇ. ವಾರಕ್ಕೊಂದು ಅಂದದ್ದನ್ನು ದಿನಕ್ಕೊಂದು ಅಂತ ನುಂಗಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಿಷವಾಗುತ್ತದೆ.

ಆ ತಾಯಿಯ ಚೀಲ ತೆಗೆಸಿ ನೋಡಿದೆ. ಕ್ಯಾಲ್ಸಿಯಂ, ಐರನ್ ಎರಡನ್ನೂ ರಾತ್ರಿ ಒಟ್ಟಿಗೆ ನುಂಗುತ್ತಿದ್ದರು. ಕ್ಯಾಲ್ಸಿಯಂ ಇದ್ದರೆ ಐರನ್ ಸರಿಯಾಗಿ ಸೇರುವುದಿಲ್ಲ. ಡಾಕ್ಟರನ್ನು ಕೇಳಿ, ಕ್ಯಾಲ್ಸಿಯಂ ಸ್ಟ್ರಿಪ್ಪಿನ ಹಿಂದೆ ಪೆನ್ನಲ್ಲಿ "ತಿಂಡಿ ಆದ್ಮೇಲೆ, ಮಧ್ಯಾಹ್ನ ಊಟ ಆದ್ಮೇಲೆ" ಅಂತ ಬರೆದುಕೊಟ್ಟೆ. ಮುಂದಿನ ವಾರ ತಾಯಿ ಕಾರ್ಡಿನ ಜೊತೆ ಅದೇ ಸ್ಟ್ರಿಪ್ ತಂದರು. ಕೊನೆಯ ಎರಡು ಮಾತ್ರೆ ಉಳಿದಿದ್ದವು.