ಕನ್ನಡದ ಜಾಗದಲ್ಲಿ ಪೌಂಡ್ ಗುರುತು ಬಂದದ್ದು ಹೇಗೆ?

‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆಯ ಫೈಲನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ‘ಕನ್ನಡ’ ಎಂದಿರಬೇಕಾದ ಕಡೆ ಇಂಗ್ಲಿಷಿನ ಪಿ, ತಲೆ ಮೇಲೆ ಗೀಟಿರುವ ಎ, ಬ್ರಿಟಿಷ್ ಪೌಂಡಿನ ಗುರುತು ಎಲ್ಲ ಸಾಲಾಗಿ ಕಾಣಿಸುತ್ತವೆ. ಫೈಲ್ ಕೆಟ್ಟುಹೋಗಿದೆ ಅಂದುಕೊಳ್ಳುವವರೇ ಜಾಸ್ತಿ. ಕೆಟ್ಟಿಲ್ಲ. ಒಳಗೆ ಮೊದಲಿನಿಂದಲೂ ಇದ್ದದ್ದೇ ಅದು.

ಕಂಪ್ಯೂಟರಿಗೆ ಗೊತ್ತಿರುವುದು ಸಂಖ್ಯೆ ಮಾತ್ರ. ಯಾವ ಸಂಖ್ಯೆ ಯಾವ ಅಕ್ಷರ ಅಂತ ಮೊದಲೇ ಒಪ್ಪಂದ ಆಗಿರಬೇಕು. 1963ರಲ್ಲಿ ಅಮೆರಿಕದಲ್ಲಿ ಬಂದ ಆಸ್ಕಿ ಅಂಥದ್ದೊಂದು ಒಪ್ಪಂದ. ಏಳು ಬಿಟ್ (ಬಿಟ್ ಅಂದರೆ 0 ಅಥವಾ 1 ಎಂಬ ಒಂದು ಅಂಕಿ), 128 ಜಾಗ. ಇಂಗ್ಲಿಷಿಗೆ ಸಾಕು. ಬೈಟಿನಲ್ಲಿ ಎಂಟು ಬಿಟ್ ಇರುವುದರಿಂದ ಇನ್ನೂ 128 ಜಾಗ ಖಾಲಿ ಉಳಿಯಿತು. ಅದರಲ್ಲಿ ಅವರವರು ತಮಗೆ ಬೇಕಾದ್ದನ್ನು ತುಂಬಿಕೊಂಡರು.

ಭಾರತದ ಲಿಪಿಗಳಿಗಾಗಿ ಮಾಡಿಕೊಂಡ ಒಪ್ಪಂದವಾದ ಇಸ್ಕಿಯೂ ಹೀಗೆಯೇ ಬಂದದ್ದು. 1991ರಲ್ಲಿ ಅದಕ್ಕೆ ಭಾರತೀಯ ಮಾನಕದ ಪಟ್ಟ ಸಿಕ್ಕಿತು. ಕನ್ನಡದ ಕ, ತೆಲುಗಿನ ಕ, ದೇವನಾಗರಿಯ ಕ ಎಲ್ಲಕ್ಕೂ 179 ಎಂಬ ಒಂದೇ ಸಂಖ್ಯೆ. ಜಾಣ ಯೋಚನೆ. ಆದರೆ ಒತ್ತಕ್ಷರ, ಗುಣಿತಗಳನ್ನು ಜೋಡಿಸಿ ತೋರಿಸುವುದು ಆಗಿನ ವಿಂಡೋಸ್‌ಗೆ ಬರುತ್ತಿರಲಿಲ್ಲ.

ಹಾಗಾಗಿ ನಮ್ಮವರು ಅಡ್ಡದಾರಿ ಹಿಡಿದರು. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದರು. ಶೇಷಾದ್ರಿ ವಾಸು ಅವರ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಎರಡೂ ತಂತ್ರಾಂಶಗಳು ಮನೆಮಾತಾದದ್ದು ಹೀಗೆ. ನುಡಿಯಲ್ಲಿ ‘ಕ’ ಅಂದರೆ ಎರಡು ಬೈಟು: ತಲೆಕಟ್ಟಿಲ್ಲದ ಕ 80, ತಲೆಕಟ್ಟು 192. ಆ 80 ಇಂಗ್ಲಿಷಿನ ಪಿ. ಅಂದರೆ ಫೈಲಿನಲ್ಲಿ ಕೂತದ್ದು ಅಕ್ಷರವಲ್ಲ, ಅದರ ಆಕಾರ. ಇದನ್ನು ಹಳಿಯಲು ನನಗೆ ಮನಸ್ಸಿಲ್ಲ. ಆಗ ಕನ್ನಡ ಅಚ್ಚಾಗಬೇಕಿತ್ತು, ಅಚ್ಚಾಯಿತು. ಆದರೆ ಇಂಟರ್ನೆಟ್ ಬಂದ ಮೇಲೆ ಸರ್ಚ್ ಮಾಡಿದರೆ ಏನೂ ಸಿಗದು, ಅಕಾರಾದಿಯಾಗಿ ಜೋಡಿಸಲು ಹೋದರೆ ಎಲ್ಲ ಅಡ್ಡಾದಿಡ್ಡಿ.

ಪ್ರಪಂಚದ ಲಿಪಿಗಳಿಗೆಲ್ಲ ಒಂದೇ ಒಪ್ಪಂದವಾಗಿ 1991ರಲ್ಲೇ ಬಂದ ಯೂನಿಕೋಡ್ ಕನ್ನಡಕ್ಕೆ 3200ರಿಂದ 3327ರವರೆಗಿನ ಸ್ವಂತ ಜಾಗ ಕೊಟ್ಟಿತ್ತು. ಕ 3221. ಇಷ್ಟು ದೊಡ್ಡ ಸಂಖ್ಯೆ ಒಂದು ಬೈಟಿನಲ್ಲಿ ಹಿಡಿಯಲ್ಲ, ಅಲ್ವಾ? 1992ರಲ್ಲಿ ಕಂಪ್ಯೂಟರ್ ತಜ್ಞರಾದ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ನ್ಯೂಜೆರ್ಸಿಯ ಹೋಟೆಲೊಂದರಲ್ಲಿ ಊಟಕ್ಕೆ ಕೂತಾಗ, ತಟ್ಟೆ ಕೆಳಗೆ ಹಾಸುವ ಕಾಗದದ ಮೇಲೆ ಇದಕ್ಕೊಂದು ದಾರಿ ಗೀಚಿದರು. ಅದೇ ಯುಟಿಎಫ್-8. ಇದರಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಮೊದಲಿನಂತೆ ಒಂದೇ ಬೈಟು. ಕ ಮಾತ್ರ 224, 178, 149 ಎಂದು ಮೂರು ಬೈಟಾಗುತ್ತದೆ. ಒಟ್ಟು ಮೂರು ಬೈಟು ಓದಬೇಕು ಅಂತ ಮೊದಲನೆಯದೇ ಹೇಳಿಬಿಡುತ್ತದೆ. ‘ಕನ್ನಡ’ ಎಂಬ ಪದ ನುಡಿಯಲ್ಲಿ 7 ಬೈಟು, ಇಲ್ಲಿ 15. ಜಾಗ ಜಾಸ್ತಿ ಬೇಕು ನಿಜ, ಆದರೆ ಹುಡುಕಿದರೆ ಸಿಗುತ್ತದೆ.

ಹಳೆಯದನ್ನು ಹೊಸದಕ್ಕೆ ಬದಲಿಸುವುದು ಸುಮ್ನೆ ಸಂಖ್ಯೆಗೆ ಸಂಖ್ಯೆ ಇಟ್ಟಷ್ಟು ಸುಲಭವಲ್ಲ. ‘ಕರ್ನಾಟಕ’ವನ್ನೇ ನೋಡಿ. ನುಡಿಯಲ್ಲಿ ಕಣ್ಣಿಗೆ ಕಂಡ ಕ್ರಮದಲ್ಲಿ ಮೊದಲು ‘ನಾ’, ಆಮೇಲೆ ಅರ್ಕಾವತ್ತು. ಯೂನಿಕೋಡಿನಲ್ಲಿ ಬಾಯಲ್ಲಿ ಬರುವ ಕ್ರಮ: ಮೊದಲು ‘ರ್’, ಆಮೇಲೆ ‘ನಾ’. ಕನ್ವರ್ಟರ್ ಆ ಅರ್ಕಾವತ್ತನ್ನು ಹಿಡಿದು ಒಂದು ಅಕ್ಷರ ಹಿಂದಕ್ಕೆ ತಂದು ಕೂರಿಸಬೇಕು. ಯೂನಿಕೋಡ್ ಗೊತ್ತಿಲ್ಲದ ಪೇಜ್‌ಮೇಕರಿನಲ್ಲಿ ಪುಟ ಕಟ್ಟುವ ಡಿಟಿಪಿಯವರಿಗೆ ಇದೇ ಕೆಲಸ ತಿರುಗುಮುರುಗಾಗಿಯೂ ಬೇಕು. ಲೇಖಕರು ಕಳಿಸಿದ ಯೂನಿಕೋಡ್ ಲೇಖನವನ್ನು ಅವರು ಮೊದಲು ನುಡಿಗೆ ಬದಲಿಸಿಕೊಂಡೇ ಪುಟಕ್ಕೆ ಹಾಕುತ್ತಾರೆ.