ಬಾಣಲೆ ನೆಕ್ಕುವವರ ಸಂಗೀತ: ‘ಓಲ್ಡ್-ಟೈಮ್ ಸ್ಟ್ರಿಂಗ್ ಬ್ಯಾಂಡ್’ ಅಂದ್ರೆ ಏನು?

‘ಓಲ್ಡ್-ಟೈಮ್’ ಅಂದ ತಕ್ಷಣ ಹಳೇ ಕಾಲದ ಯಾವುದೋ ಸಂಗೀತ ಅನ್ನಿಸುತ್ತದೆ. ಅಷ್ಟೇ ಆಗಿದ್ದರೆ ಇದಕ್ಕೊಂದು ಪದ ಪರಿಚಯ ಬೇಕಿರಲಿಲ್ಲ. ಮಜಾ ಏನಂದ್ರೆ, ಈ ಹೆಸರು ನುಡಿಸುವವರು ಇಟ್ಟುಕೊಂಡದ್ದಲ್ಲ, ರೆಕಾರ್ಡ್ ಮಾರುವವರು ಅಂಟಿಸಿದ್ದು. 1920ರ ದಶಕದಲ್ಲಿ ಅಮೆರಿಕದ ಅಂಗಡಿಗಳಿಗೆ ಬಂದ ಹೊಚ್ಚ ಹೊಸ ಮಾಲಿನ ಮೇಲೆ ‘ಹಳೇ ಕಾಲದ ಟ್ಯೂನುಗಳು’ ಅಂತ ಬರೆದು ಮಾರಿದರು. ಈಗ ನಮ್ಮಲ್ಲಿ ‘ಅಜ್ಜಿ ಕೈರುಚಿ’ ಅಂತ ಬರೆದು ಫ್ಯಾಕ್ಟರಿ ಉಪ್ಪಿನಕಾಯಿ ಮಾರ್ತಾರಲ್ವಾ, ಆ ಥರ. ಆದರೆ ಈ ಬಾಟಲಿಯೊಳಗೆ ಇದ್ದದ್ದು ನಿಜವಾಗಲೂ ಮನೆಯ ಉಪ್ಪಿನಕಾಯಿಯೇ.

ಶುರುವಾದದ್ದು ಹೀಗೆ. 1923ರ ಜೂನ್‌ನಲ್ಲಿ ರಾಲ್ಫ್ ಪೀರ್ ಎಂಬಾತ ಓಕೆ ರೆಕಾರ್ಡ್ ಕಂಪನಿಯ ಪರವಾಗಿ ಜಾರ್ಜಿಯಾದ ಅಟ್ಲಾಂಟಾಗೆ ಬಂದ. ಅಲ್ಲಿ ಫಿಡಲಿನ್ ಜಾನ್ ಕಾರ್ಸನ್ ಎಂಬ ಪಿಟೀಲುಗಾರನ ಹಾಡು ಕೇಳಿ, ಇದು ಮಹಾ ಕೆಟ್ಟದಾಗಿದೆ ಅಂದುಕೊಂಡ. ಆದರೆ ಪೋಲ್ಕ್ ಬ್ರಾಕ್‌ಮನ್ ಎಂಬ ಊರಿನ ವ್ಯಾಪಾರಿ, ನನಗೆ 500 ಕಾಪಿ ಹಾಕಿಕೊಡಿ, ಮಾರಿ ತೋರಿಸ್ತೀನಿ ಅಂತ ಹಟ ಹಿಡಿದ. ಅಷ್ಟೂ ಖರ್ಚಾದವು. ಆಮೇಲೆ ಕಂಪನಿಯವರಿಗೆ ಕಣ್ಣು ತೆರೆಯಿತು. ಹಳ್ಳಿಯ ಜನರೂ ಗ್ರಾಮಫೋನ್ ಕೊಳ್ತಾರೆ, ಅವರಿಗೆ ಅವರದೇ ಸಂಗೀತ ಬೇಕು. ಮಾರೋಕೆ ಒಂದು ಹೆಸರು ಬೇಕಿತ್ತು, ಅದೇ ‘ಓಲ್ಡ್-ಟೈಮ್’. ಇದಕ್ಕೆ ಪೈಪೋಟಿಯಾಗಿ ಬಂದ ಇನ್ನೊಂದು ಹೆಸರು ‘ಹಿಲ್‌ಬಿಲ್ಲಿ’, ಅಂದ್ರೆ ಹೆಚ್ಚು ಕಡಿಮೆ ‘ಗುಡ್ಡಗಾಡಿನ ಗಮಾರ’. 1925ರಲ್ಲಿ ಅಲ್ ಹಾಪ್ಕಿನ್ಸ್ ಬ್ಯಾಂಡಿನವರನ್ನು ಇದೇ ಪೀರ್ ನಿಮ್ಮ ಬ್ಯಾಂಡಿನ ಹೆಸರೇನು ಅಂತ ಕೇಳಿದಾಗ, ನಾವು ಬರೀ ಹಿಲ್‌ಬಿಲ್ಲಿಗಳು, ಏನಾದ್ರೂ ಕರ್ಕೊಳ್ಳಿ ಅಂದರಂತೆ. ಅದೇ ಹೆಸರು ನಿಂತುಬಿಟ್ಟಿತು.

ಇನ್ನು ‘ಸ್ಟ್ರಿಂಗ್ ಬ್ಯಾಂಡ್’. ತಂತಿವಾದ್ಯಗಳ ಗುಂಪು, ಅಷ್ಟೇ. ಡ್ರಮ್ ಇಲ್ಲ, ಕಹಳೆ ಇಲ್ಲ. ಮುಂದಾಳು ಫಿಡಲ್, ಅದಕ್ಕೆ ಜೋಡಿ ಬ್ಯಾಂಜೋ, ಆಮೇಲೆ ಗಿಟಾರ್, ಕೆಲವು ಕಡೆ ಮ್ಯಾಂಡೋಲಿನ್, ದೊಡ್ಡ ಬಾಸ್. ಫಿಡಲ್ ಮತ್ತು ವಯಲಿನ್ ಒಂದೇ ವಾದ್ಯ, ನುಡಿಸುವ ರೀತಿ ಮಾತ್ರ ಬೇರೆ. ನಮ್ಮ ‘ಪಿಟೀಲು’ ಅನ್ನೋ ಪದವೂ ಅದೇ ಫಿಡಲ್ ನಮ್ಮ ಬಾಯಲ್ಲಿ ತಿರುಗಿದ್ದು. ಗಿಟಾರ್ ಈ ಮನೆಗೆ ತಡವಾಗಿ ಬಂದ ಸೊಸೆ. ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಸಿಯರ್ಸ್‌ನಂಥ ಕಂಪನಿಗಳ ಕ್ಯಾಟಲಾಗ್ ನೋಡಿ ಅಂಚೆಯಲ್ಲಿ ತರಿಸಿಕೊಳ್ಳೋದು ಸುಲಭವಾದ ಮೇಲೆ ಅದು ಅಮೆರಿಕದ ಅಪಲೇಚಿಯನ್ ಬೆಟ್ಟಗಳ ಮನೆಗಳನ್ನು ಹೊಕ್ಕಿತು. ಅದಕ್ಕೆ ಮುಂಚೆ ಫಿಡಲ್ ಮತ್ತು ಬ್ಯಾಂಜೋ ಇಷ್ಟಿದ್ದರೆ ಒಂದು ಕುಣಿತಕ್ಕೆ ಸಾಕಾಗುತ್ತಿತ್ತು.

ಕರ್ನಾಟಕ ಸಂಗೀತದಲ್ಲಿ ಪಿಟೀಲು ಕಲಿತವರಿಗೆ ಇಲ್ಲೊಂದು ಖುಷಿಯ ವಿಷಯ ಇದೆ. ಪಶ್ಚಿಮದ ವಯಲಿನ್‌ಗೆ ಸಾಮಾನ್ಯವಾಗಿ ಜಿ-ಡಿ-ಎ-ಇ ಅಂತ ಶ್ರುತಿ ಮಾಡ್ತಾರೆ. ಓಲ್ಡ್-ಟೈಮ್ ಫಿಡಲ್‌ನವರು ಎಷ್ಟೋ ಟ್ಯೂನುಗಳಿಗೆ ಕೆಳಗಿನ ಎರಡು ತಂತಿಗಳನ್ನು ಒಂದೊಂದು ಮೆಟ್ಟಿಲು ಬಿಗಿದು ಎ-ಇ-ಎ-ಇ ಮಾಡಿಕೊಳ್ತಾರೆ. ‘ಎ’ಯನ್ನು ಷಡ್ಜ ಅಂತ ಇಟ್ಟುಕೊಂಡು ಹಾಡಿ ನೋಡಿ: ಸ-ಪ-ಸ-ಪ. ನಮ್ಮ ಪಿಟೀಲಿನ ಶ್ರುತಿಯೇ! ಅವರು ನಮ್ಮಿಂದ ಕಲಿತರು ಅಂತಲ್ಲ, ನಾವು ಅವರಿಂದ ಕಲಿತದ್ದೂ ಅಲ್ಲ. ಒಂದು ತಂತಿಯ ಮೇಲೆ ರಾಗ ಎಳೆಯುವಾಗ ಪಕ್ಕದ ತಂತಿ ಖಾಲಿಯಾಗಿ ಮೊಳಗುತ್ತಾ ಶ್ರುತಿ ಹಿಡಿದಿರಬೇಕು ಅನ್ನೋ ಆಸೆ ಎರಡೂ ಕಡೆ ಇತ್ತು, ಅಷ್ಟೇ. ಹಳಬರಲ್ಲಿ ಎಷ್ಟೋ ಜನ ಗದ್ದದ ಕೆಳಗೆ ಇಡದೆ ಎದೆಗೆ ಒತ್ತಿಕೊಂಡೇ ನುಡಿಸುತ್ತಿದ್ದರು. ಕೆಲವರು ಪಿಟೀಲಿನ ಹೊಟ್ಟೆಯೊಳಗೆ ಬುಡುಬುಡಿಕೆ ಹಾವಿನ ಬಾಲದ ಗಿಲಕಿ ಹಾಕಿಡ್ತಾರೆ. ನಾದ ಚೆನ್ನಾಗಿ ಬರುತ್ತೆ ಅಂತ ಒಬ್ಬರು, ಜೇಡ ಬಲೆ ಕಟ್ಟಲ್ಲ ಅಂತ ಇನ್ನೊಬ್ಬರು. ನಂಬೋದು ಬಿಡೋದು ನಿಮಗೆ ಬಿಟ್ಟದ್ದು.

ಬ್ಯಾಂಜೋ ಕಥೆ ಇನ್ನೂ ದೂರದ್ದು. ಅದರ ಬೇರು ಪಶ್ಚಿಮ ಆಫ್ರಿಕಾದಲ್ಲಿದೆ. ಗುಲಾಮರಾಗಿ ಹಡಗು ಹತ್ತಿದ ಜನರ ನೆನಪಿನಲ್ಲಿ ಬಂದದ್ದು. ಗ್ಯಾಂಬಿಯಾ, ಸೆನೆಗಲ್ ಕಡೆಯ ಜೋಲಾ ಜನರ ಅಕೊಂಟಿಂಗ್ ಎಂಬ ವಾದ್ಯಕ್ಕೆ ಸೋರೆ ಬುರುಡೆಯ ಒಡಲು, ಅದರ ಮೇಲೆ ಚರ್ಮದ ಹೊದಿಕೆ, ಮೂರು ತಂತಿ. ಅದರಲ್ಲಿ ಒಂದು ಗಿಡ್ಡ, ಹೆಬ್ಬೆರಳಿಗೆಂದೇ ಮೀಸಲು. ಇವತ್ತಿನ ಐದು ತಂತಿಯ ಬ್ಯಾಂಜೋದಲ್ಲೂ ಐದನೆಯದು ಹಾಗೇ ಗಿಡ್ಡ. ಓಲ್ಡ್-ಟೈಮ್‌ನವರು ಸಾಮಾನ್ಯವಾಗಿ ತಂತಿಯನ್ನು ಮೇಲಕ್ಕೆ ಮೀಟುವುದಿಲ್ಲ. ಕೈಯನ್ನು ಉಗುರು ಮುಂದೆ ಬರುವ ಹಾಗೆ ಮಡಿಚಿ ಕೆಳಕ್ಕೆ ಬಡಿಯುತ್ತಾರೆ, ಹಿಂದೆಯೇ ಹೆಬ್ಬೆರಳು ಆ ಗಿಡ್ಡ ತಂತಿಯನ್ನು ಎಳೆದು ಬಿಡುತ್ತದೆ: ಡುಂ-ಟಿಕಿ, ಡುಂ-ಟಿಕಿ. ಇದಕ್ಕೆ ಕ್ಲಾಹ್ಯಾಮರ್ ಅಂತ ಹೆಸರು. ತಾಳವಾದ್ಯ ಇಲ್ಲದಿದ್ದರೂ ಕಾಲು ತಾನಾಗಿ ಅಲ್ಲಾಡೋಕೆ ಶುರುವಾಗೋದು ಇದರಿಂದಲೇ.

ಇದು ಕೂತು ಕೇಳುವ ಸಂಗೀತ ಅಲ್ಲ, ಕುಣಿತದ ಸಂಗೀತ. ಅದು ಗೊತ್ತಿಲ್ಲದೆ ಮೊದಲ ಸಲ ಕೇಳಿದಾಗ ನನಗೆ, ಇದೇನಪ್ಪಾ, ಅದೇ ಸಾಲನ್ನು ಸುಮ್ನೆ ಪಿಟೀಲು ಕುಯ್ತಾನೇ ಇದಾರಲ್ಲ ಅನ್ನಿಸಿತ್ತು. ಟ್ಯೂನಿಗೆ ಎರಡು ಭಾಗ. ಒಂದೊಂದನ್ನೂ ಎರಡೆರಡು ಸಲ ನುಡಿಸ್ತಾರೆ, ಮತ್ತೆ ಮೊದಲಿಂದ. ಕುಣಿಯುವವರ ಸುತ್ತು ಮುಗಿಯುವವರೆಗೆ, ಹತ್ತು ನಿಮಿಷವಾದರೂ ಸರಿ. ರೆಕಾರ್ಡಿನ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದದ್ದು ಸುಮಾರು ಮೂರು ನಿಮಿಷ. ಹಾಗಾಗಿ ಹಳೇ ರೆಕಾರ್ಡ್ ಕೇಳಿ ಇದು ಇಷ್ಟೇ ಅಂದುಕೊಂಡರೆ ಮೋಸ ಹೋದ ಹಾಗೆ. ಇದೇ ವಾದ್ಯಗಳನ್ನು ಬಳಸುವ ಬ್ಲೂಗ್ರಾಸ್ ಎಂಬ ಇನ್ನೊಂದು ಅಮೆರಿಕನ್ ಸಂಗೀತದ ಜೊತೆ ಇದನ್ನು ಗೊಂದಲ ಮಾಡಿಕೊಳ್ಳುವವರು ಜಾಸ್ತಿ. ಬ್ಲೂಗ್ರಾಸ್ ಆಮೇಲೆ ಹುಟ್ಟಿದ್ದು, ಬಿಲ್ ಮನ್ರೋ ಬ್ಯಾಂಡಿಗೆ 1945ರಲ್ಲಿ ಅರ್ಲ್ ಸ್ಕ್ರಗ್ಸ್ ಮೂರು ಬೆರಳಿನ ಬ್ಯಾಂಜೋ ತಂದಾಗ ಅದರ ರೂಪ ಗಟ್ಟಿಯಾಯಿತು. ಅಲ್ಲಿ ಒಬ್ಬೊಬ್ಬರೇ ಮುಂದೆ ಬಂದು ತಮ್ಮ ಕೈಚಳಕ ತೋರಿಸಿ ಹಿಂದೆ ಸರೀತಾರೆ. ಓಲ್ಡ್-ಟೈಮ್‌ನಲ್ಲಿ ಯಾರೂ ಮುಂದೆ ಬರಲ್ಲ. ಎಲ್ಲರೂ ಮೊದಲಿಂದ ಕೊನೆತನಕ ಒಟ್ಟಿಗೇ, ಭಜನೆಯ ಹಾಗೆ.

ಈ ಬ್ಯಾಂಡುಗಳ ಪೈಕಿ ಸಿಕ್ಕಾಪಟ್ಟೆ ಗಲಾಟೆಯದು ಯಾವುದು ಅಂದ್ರೆ ನಾನು ಹೇಳೋದು ಸ್ಕಿಲೆಟ್ ಲಿಕರ್ಸ್. ಹೆಸರಿನ ಅರ್ಥ ‘ಬಾಣಲೆ ನೆಕ್ಕುವವರು’. 1926ರಲ್ಲಿ ಕೊಲಂಬಿಯಾ ಕಂಪನಿಗೆ ಅಟ್ಲಾಂಟಾದಲ್ಲಿ ರೆಕಾರ್ಡ್ ಮಾಡಲು ಶುರು ಮಾಡಿದರು. ಗಿಡ್ ಟ್ಯಾನರ್ ಕೋಳಿ ಸಾಕುವ ರೈತ, ದೊಡ್ಡ ಆಳು, ಕೀರಲು ದನಿ ತೆಗೆದು ಕೂಗುವುದರಲ್ಲಿ ಎತ್ತಿದ ಕೈ. ರೈಲಿ ಪಕೆಟ್ ಕೂಸಾಗಿದ್ದಾಗಲೇ ಕಣ್ಣು ಕಳೆದುಕೊಂಡವನು, ಗಿಟಾರ್ ಮತ್ತು ಹಾಡು ಅವನದು. ಗಿಟಾರಿನ ದಪ್ಪ ತಂತಿಗಳ ಮೇಲೆ ಅವನು ನುಡಿಸುವ ಓಟಗಳು ಕೆಲವು ಸಲ ಉಳಿದವರು ಒಂದು ದಾರಿಯಲ್ಲಿದ್ದರೆ ತಾನು ಇನ್ನೊಂದು ದಾರಿ ಹಿಡಿದು, ಕೊನೆಗೆ ಹೇಗೋ ಸಮಕ್ಕೆ ಬಂದು ಸೇರಿಕೊಳ್ಳುತ್ತವೆ, ಕೇಳಿಯೇ ನೋಡಬೇಕು. ಕ್ಲೇಟನ್ ಮೆಕ್‌ಮಿಚನ್ ಮುಖ್ಯ ಫಿಡಲ್. ಅವನಿಗೆ ಜಾಜ್ ಕಡೆ ಒಲವು, ಈ ಹಳ್ಳಿಗಮಾರ ವೇಷ ಅಷ್ಟಾಗಿ ಹಿಡಿಸುತ್ತಿರಲಿಲ್ಲ. ಫೇಟ್ ನಾರಿಸ್ ಬ್ಯಾಂಜೋ ನುಡಿಸುತ್ತಿದ್ದ. ಪಾಪ, ರೆಕಾರ್ಡಿನಲ್ಲಿ ಅದು ಕೇಳಿಸೋದೇ ಕಷ್ಟ. ಎರಡು ಮೂರು ಫಿಡಲ್ ಒಟ್ಟಿಗೆ ಭೋರ್ಗರೆಯುವಾಗ ಇನ್ನೇನು ಕೇಳಿಸೀತು? ಅವರಲ್ಲೊಬ್ಬ ಲೋ ಸ್ಟೋಕ್ಸ್ ಗುಂಡೇಟಿಗೆ ಬಲಗೈಯನ್ನೇ ಕಳೆದುಕೊಂಡ. ಆಮೇಲೆ ಮೊಂಡುಗೈಗೆ ಕಮಾನು ಸಿಕ್ಕಿಸಿಕೊಳ್ಳುವ ಸಲಕರಣೆ ಮಾಡಿಸಿಕೊಂಡು ಮತ್ತೆ ನುಡಿಸಿದ.

ಇವರು ಸಂಗೀತದ ಜೊತೆ ಹರಟೆಯ ರೆಕಾರ್ಡುಗಳನ್ನೂ ಮಾಡಿದರು. ಕಾಡಿನಲ್ಲಿ ಜೋಳದ ಕಳ್ಳಭಟ್ಟಿ ಇಳಿಸುತ್ತಾ, ನಡುನಡುವೆ ಒಂದು ಟ್ಯೂನ್ ನುಡಿಸುತ್ತಾ, ಪೊಲೀಸು ಬಂದರೆ ಏನು ಮಾಡೋದು ಅಂತ ಮಾತಾಡುವ ನಾಟಕ. ಆಗ ಅಮೆರಿಕದಲ್ಲಿ ಪಾನನಿಷೇಧ, ಹಾಗಾಗಿ ಜನಕ್ಕೆ ಬಲು ರುಚಿಸಿತು. ಅಲ್ಲಿ ಕೇಳುವ ಗಮಾರತನದಲ್ಲಿ ಅರ್ಧ ನಿಜ, ಅರ್ಧ ವೇಷ. ಅಂಗಡಿಯವರು ಅಂಟಿಸಿದ ಚೀಟಿಗೆ ತಕ್ಕ ಹಾಗೆ ಕುಣಿಯೋದೂ ಒಂದು ಕಸುಬೇ ತಾನೆ.

ಆ ಚೀಟಿ ಮಾಡಿದ ಒಂದು ಅನ್ಯಾಯ ಹೇಳಲೇಬೇಕು. ಕಂಪನಿಗಳು ಬಿಳಿಯರ ರೆಕಾರ್ಡಿಗೆ ‘ಓಲ್ಡ್-ಟೈಮ್’ ಅಂತಲೂ ಕಪ್ಪು ಜನರದಕ್ಕೆ ‘ರೇಸ್ ರೆಕಾರ್ಡ್ಸ್’ ಅಂತಲೂ ಬೇರೆ ಬೇರೆ ಪಟ್ಟಿ ಮಾಡಿದವು. ಕಪ್ಪು ಜನರಿಂದ ಬ್ಲೂಸ್ ಬೇಕು, ಫಿಡಲ್ ಬೇಡ ಅನ್ನೋದು ಅವರ ಲೆಕ್ಕ. ಹೀಗಾಗಿ ಬ್ಯಾಂಜೋ ಕೊಟ್ಟವರ ಸ್ಟ್ರಿಂಗ್ ಬ್ಯಾಂಡುಗಳೇ ರೆಕಾರ್ಡಿಗೆ ಬಂದದ್ದು ತೀರಾ ಕಡಿಮೆ, ಮುಂದಿನವರು ಇದು ಬೆಟ್ಟದ ಬಿಳಿಯರ ಸಂಗೀತ ಅಂತಲೇ ನಂಬಿದರು. 2005ರಲ್ಲಿ ನಾರ್ತ್ ಕ್ಯಾರೊಲೈನಾದಲ್ಲಿ ಒಂದು ಬ್ಯಾಂಜೋ ಸಮಾವೇಶ ನಡೆಯಿತು. ಅಲ್ಲಿ ಸೇರಿದ್ದ ರಿಯಾನನ್ ಗಿಡೆನ್ಸ್, ಡಾಮ್ ಫ್ಲೆಮನ್ಸ್, ಜಸ್ಟಿನ್ ರಾಬಿನ್ಸನ್ ಮೂವರೂ ಎಂಬತ್ತು ದಾಟಿದ ಕಪ್ಪು ಫಿಡಲ್‌ಗಾರ ಜೋ ಥಾಂಪ್ಸನ್ ಅವರ ಮನೆಗೆ ಹೋಗಿ, ಎದುರಿಗೆ ಕೂತು ಕಲಿತರು. ಕ್ಯಾರೊಲೈನಾ ಚಾಕೊಲೇಟ್ ಡ್ರಾಪ್ಸ್ ಅಂತ ಬ್ಯಾಂಡ್ ಕಟ್ಟಿದರು. ಅವರ 2010ರ ಆಲ್ಬಂಗೆ ಗ್ರ್ಯಾಮಿ ಬಂತು. ಗುರುಮುಖೇನ ಪಾಠ ಅನ್ನೋದು ನಮಗೆ ಹೊಸದೇನಲ್ಲ. ಅಲ್ಲಿ ಅದು ಇನ್ನೇನು ಕಡಿದು ಹೋಗುವುದರಲ್ಲಿತ್ತು.

ಈಗ ಈ ಪದ ಚೀಟಿಯಿಂದ ಇಳಿದು ನುಡಿಸುವವರ ಕೈಗೆ ಬಂದಿದೆ. 1958ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ನ್ಯೂ ಲಾಸ್ಟ್ ಸಿಟಿ ರ‍್ಯಾಂಬ್ಲರ್ಸ್ ತಂಡದವರು ಹಳೇ ರೆಕಾರ್ಡುಗಳನ್ನು ಕೇಳಿ ಕೇಳಿ ಕಲಿತು, ಪಟ್ಟಣದ ಹುಡುಗರಿಗೂ ಇದರ ಹುಚ್ಚು ಹಿಡಿಸಿದರು. ವೆಸ್ಟ್ ವರ್ಜೀನಿಯಾದ ಕ್ಲಿಫ್‌ಟಾಪ್‌ನಲ್ಲಿ ಬೇಸಿಗೆಯಲ್ಲಿ ಜಾತ್ರೆಯಂಥ ಶಿಬಿರ ಸೇರುತ್ತದೆ. ವೇದಿಕೆಯಲ್ಲಿ ಸ್ಪರ್ಧೆ ಇರುತ್ತದೆ, ಆದರೆ ಬಹಳ ಜನ ಬರೋದು ಡೇರೆಗಳ ನಡುವೆ ರಾತ್ರಿಯಿಡೀ ವೃತ್ತ ಕಟ್ಟಿ ಕೂತು ನುಡಿಸೋಕೆ. ಒಮ್ಮೆ ಎ-ಇ-ಎ-ಇ ಶ್ರುತಿ ಮಾಡಿಕೊಂಡರೆ ಗಂಟೆಗಟ್ಟಲೆ ಅದೇ ಶ್ರುತಿಯ ಟ್ಯೂನುಗಳು, ಯಾಕಂದ್ರೆ ಮತ್ತೆ ಮತ್ತೆ ತಂತಿ ತಿರುಪುವುದು ಯಾರಿಗೆ ಬೇಕು. ಯಾವಾಗ ನಿಲ್ಲಿಸೋದು ಅಂತ ಯಾರೂ ಬಾಯಿಬಿಟ್ಟು ಹೇಳಲ್ಲ, ಬಾಯಿ ಬಿಟ್ಟರೂ ಆ ಗದ್ದಲದಲ್ಲಿ ಕೇಳಿಸಲ್ಲ. ಟ್ಯೂನ್ ಎತ್ತಿಕೊಂಡವನು ಕೂತಲ್ಲೇ ಒಂದು ಕಾಲನ್ನು ಮುಂದಕ್ಕೆ ಚಾಚಿ ಎತ್ತುತ್ತಾನೆ. ಇದು ಕೊನೇ ಸುತ್ತು ಅಂತ ಅರ್ಥ.